ಬೋರರ್ ಹಾರುವ ತಿಂಗಳಲ್ಲಿ ಬಂದ ಷೇರು

ಮಳೆ ಹಿಂದೆ ಸರಿದು ಬಿಸಿಲು ಗಟ್ಟಿಯಾಗುವ ಅಕ್ಟೋಬರಿನಲ್ಲಿ ಅರೇಬಿಕಾ ತೋಟದೊಳಗೆ ನೆರಳು ಹರಿದುಹೋದ ಜಾಗ ಹುಡುಕಿ ಸುಮ್ಮನೆ ನಿಲ್ಲಬೇಕು. ಹೊತ್ತು ಏರಿದ ಮೇಲೆ ಕಾಫಿ ಕಾಂಡದ ಮೇಲೆ ಒಂದು ಸಣ್ಣ ದುಂಬಿ ಓಡಾಡುವುದು ಕಾಣುತ್ತದೆ. ಕಪ್ಪು ಮೈ, ಅದರ ಮೇಲೆ ಬಿಳಿಚಿದ ಪಟ್ಟೆಗಳು, ಬೆರಳಿನ ಒಂದು ಗೆಣ್ಣಿಗಿಂತ ಕಡಿಮೆ ಉದ್ದ. ಹೆಣ್ಣಾದರೆ ಅದರ ನಡಿಗೆಯೇ ಬೇರೆ. ನಾಲ್ಕು ಹೆಜ್ಜೆ ಓಡುತ್ತದೆ, ನಿಲ್ಲುತ್ತದೆ, ಹಿಂಭಾಗದ ಕೊಳವೆಯನ್ನು ತೊಗಟೆಯ ಬಿರುಕಿಗೆ ಇಳಿಸಿ ಮೊಟ್ಟೆಯಿಟ್ಟು ಮುಂದೆ ಹೋಗುತ್ತದೆ. ನೆರಳು ದಟ್ಟವಾಗಿರುವ ಕಡೆ ಇದು ಬಹಳ ಅಪರೂಪ. ಇದಕ್ಕೆ ಬಿಸಿಲು ಬೇಕು, ಬಿಸಿಲಿಗೆ ಕಾದ ಕಾಂಡ ಬೇಕು. ಪುಸ್ತಕಗಳಲ್ಲಿ ಬಿಳಿ ಕಾಂಡಕೊರಕ ಎಂದಿರುತ್ತದೆ. ನಮ್ಮ ಕಡೆ ತೋಟದ ಆಳಿನಿಂದ ಹಿಡಿದು ಸಾಹುಕಾರರವರೆಗೆ ಎಲ್ಲರಿಗೂ ಇದು ಬೋರರ್.

ಹತ್ತು ದಿನದೊಳಗೆ ಮೊಟ್ಟೆಯೊಡೆದು ಹುಳು ಹೊರಗೆ ಬರುತ್ತದೆ. ಮೊದಲು ತೊಗಟೆಯ ಅಡಿಯಲ್ಲೇ ಮೇಯುತ್ತದೆ, ಆಮೇಲೆ ಗಟ್ಟಿ ಕಟ್ಟಿಗೆಗೆ ಇಳಿಯುತ್ತದೆ. ಕೊರೆಯುತ್ತ ಹೋದಂತೆ ತನ್ನ ಹಿಂದಿನ ದಾರಿಯನ್ನು ತಾನೇ ಪುಡಿಯಿಂದ ಗಟ್ಟಿಯಾಗಿ ತುಂಬಿಕೊಂಡು ಹೋಗುವುದರಿಂದ ಹೊರಗೆ ತೂತೂ ಕಾಣುವುದಿಲ್ಲ, ಉದುರಿದ ಹಿಟ್ಟೂ ಕಾಣುವುದಿಲ್ಲ. ತಿಂಗಳುಗಟ್ಟಲೆ ಗಿಡ ಹಸಿರಾಗಿಯೇ ಇರುತ್ತದೆ, ಹೂ ಬಿಡುತ್ತದೆ, ಕಾಯಿ ಕಚ್ಚುತ್ತದೆ. ಎಳೆಯ ಗಿಡವಾದರೆ ವರ್ಷದೊಳಗೆ ಸಾಯುತ್ತದೆ. ಹಳೆಯ ಗಿಡ ನಾಲ್ಕಾರು ಬೆಳೆ ಕುಂಟುತ್ತ ಎಳೆಯುತ್ತದೆ. ಆದ್ದರಿಂದಲೇ ದುಂಬಿ ಹಾರುವ ಕಾಲಕ್ಕೆ ಮುಂಚೆ ವರ್ಷಕ್ಕೆ ಎರಡು ಸಲ ತೋಟಗಳಲ್ಲಿ ಬೋರರ್ ಟ್ರೇಸಿಂಗ್ ನಡೆಯುತ್ತದೆ. ಸಾಲು ಹಿಡಿದು ಒಂದೊಂದೇ ಗಿಡದ ಬುಡ ಮುಟ್ಟಿ ನೋಡುತ್ತಾರೆ. ಕಾಂಡದ ಮೇಲೆ ಉಬ್ಬಿದ ಗೆರೆ ಕೈಗೆ ಸಿಕ್ಕರೆ ಗಿಡ ಕಿತ್ತು ಸುಡುತ್ತಾರೆ. ಅನುಭವಸ್ಥ ಹೆಂಗಸರ ಬೆರಳಿಗೆ ಗೊತ್ತಾಗುವಷ್ಟು ಕಣ್ಣಿಗೆ ಗೊತ್ತಾಗುವುದಿಲ್ಲ. ಇದನ್ನು ನಾನು ಅವರ ಹಿಂದೆ ನಡೆದೇ ಕಲಿತದ್ದು.

2015ರಲ್ಲಿ ಇದೇ ಕಾಲಕ್ಕೆ, ಅಕ್ಟೋಬರ್ 14ರಿಂದ 16ರವರೆಗೆ, ಕಾಫಿ ಡೇ ಎಂಟರ್‌ಪ್ರೈಸಸ್ ಕಂಪನಿಯ ಷೇರುಗಳು ಸಾರ್ವಜನಿಕರಿಗೆ ಮಾರಾಟಕ್ಕೆ ಬಂದವು. ನನ್ನ ಟಿಪ್ಪಣಿಪುಸ್ತಕದಲ್ಲಿ ಎರಡೂ ಒಂದೇ ಪುಟದಲ್ಲಿವೆ: ಮೇಲೆ ದುಂಬಿ ಕಂಡ ಗಿಡಗಳ ಗುರುತು, ಕೆಳಗೆ ಷೇರಿನ ಬೆಲೆ. ಆ ವಾರ ಮೂಡಿಗೆರೆಯ ಬಸ್ ಸ್ಟ್ಯಾಂಡ್, ಚಿಕ್ಕಮಗಳೂರಿನ ಬ್ಯಾಂಕು, ಮದುವೆ ಮನೆ, ಎಲ್ಲ ಕಡೆ ಅದೇ ಮಾತು. ಪೇಟೆಯ ಕಂಪನಿಗಳ ಷೇರು ಎಷ್ಟೋ ಬಂದು ಹೋಗಿದ್ದವು; ಅವುಗಳ ಬಗ್ಗೆ ಮಲೆನಾಡು ತಲೆಕೆಡಿಸಿಕೊಂಡಿರಲಿಲ್ಲ. ಇದು ಹಾಗಲ್ಲ. ಈ ಗುಡ್ಡಗಳಲ್ಲಿ ಬೆಳೆದ ಬೀಜ, ಈ ಊರಿನ ಕ್ಯೂರಿಂಗ್ ವರ್ಕ್ಸ್, ಈ ಜಿಲ್ಲೆಯ ತೋಟದ ಮನೆತನದಿಂದ ಬಂದ ಮಾಲೀಕ.

ಆ ಉತ್ಸಾಹ ಹುಟ್ಟಿದ ನೆಲ ಯಾವುದೆಂದು ಸ್ವಲ್ಪ ಹಿಂದೆ ಹೋಗಿ ನೋಡಬೇಕು. ದಶಕಗಳ ಕಾಲ ಈ ಗುಡ್ಡದ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಕಾಫಿ ಬೋರ್ಡಿನ ಪೂಲಿಗೆ ಒಪ್ಪಿಸಬೇಕು, ಹಣ ಕಂತಿನಲ್ಲಿ ಬಂದಾಗ ತೆಗೆದುಕೊಳ್ಳಬೇಕು. 1990ರ ದಶಕದ ಮೊದಲ ವರ್ಷಗಳಲ್ಲಿ ಆ ಕಟ್ಟು ಒಂದೊಂದೇ ಎಳೆ ಸಡಿಲವಾಗಿ 1996ಕ್ಕೆ ಪೂರ್ತಿ ಬಿಚ್ಚಿಕೊಂಡಿತು. ಕಾಫಿ ಡೇ ಮಾಲೀಕ ವಿ.ಜಿ. ಸಿದ್ಧಾರ್ಥ ಬೀಜದ ವ್ಯಾಪಾರಕ್ಕೆ, ರಫ್ತಿಗೆ ಕೈ ಹಾಕಿದ್ದು ಈ ಸಡಿಲಿಕೆಯ ಸಂದಿಯಲ್ಲೇ. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದದ್ದೂ 1996ರಲ್ಲೇ. ಕಾಫಿ ಜೊತೆಗೆ ಇಂಟರ್‌ನೆಟ್ ಕೊಡುವ ಅಂಗಡಿ ಅದು. ಬೀಜವನ್ನು ಚೀಲದಲ್ಲಿ ಮಾರುವುದಕ್ಕೂ ಲೋಟದಲ್ಲಿ ಮಾರುವುದಕ್ಕೂ ಇರುವ ಬೆಲೆಯ ಅಂತರವನ್ನು ಈ ಕಡೆಯವರೊಬ್ಬರು ಕಂಡುಕೊಂಡಿದ್ದರು. ಅದರ ಬಗ್ಗೆ ಇಲ್ಲಿ ಹೆಮ್ಮೆಯಿತ್ತು, ನನಗೂ ಇದೆ. ಅಲ್ಲಿಯವರೆಗೆ ಕಾಫಿಯ ಲಾಭದ ದೊಡ್ಡ ಪಾಲು ಘಟ್ಟ ಇಳಿದು ಹಡಗು ಹತ್ತಿ ಹೋಗುತ್ತಿತ್ತು.

ಕೆಫೆಯ ಒಳಗೆ ಕೂತು ನೋಡಿದ್ದನ್ನೂ ಬರೆದಿಟ್ಟಿದ್ದೇನೆ. ಬೆಂಗಳೂರಿಗೆ ಹೋದಾಗ ಮೂಲೆಯ ಮೇಜು ಹಿಡಿದು ಕೂರುವುದು ಅಭ್ಯಾಸವಾಗಿತ್ತು. ಬೆಳಗ್ಗೆ ಲ್ಯಾಪ್‌ಟಾಪ್ ತೆರೆದ ಒಂಟಿ ಜನ. ಮಧ್ಯಾಹ್ನದ ನಂತರ ಕಾಲೇಜಿನ ಹುಡುಗ ಹುಡುಗಿಯರು, ಇಬ್ಬರಿಗೆ ಒಂದು ಲೋಟ, ಎರಡು ತಾಸು. ಸಂಜೆಗೆ ಮನೆ ಮಾರುವವರು, ವಿಮೆ ಮಾಡಿಸುವವರು, ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಗುಟ್ಟಾಗಿ ಭೇಟಿಯಾಗುವವರು. ಒಬ್ಬ ಗಿರಾಕಿ ಎದ್ದು ಇನ್ನೊಬ್ಬ ಕೂರುವವರೆಗಿನ ಹೊತ್ತನ್ನು ಗಮನಿಸಿದರೆ ಈ ವ್ಯಾಪಾರದ ಸ್ವಭಾವ ತಿಳಿಯುತ್ತದೆ: ಇಲ್ಲಿ ಬಾಡಿಗೆ ಕುರ್ಚಿಗೆ, ಆದಾಯ ಲೋಟಕ್ಕೆ. ದರ್ಶಿನಿಯಲ್ಲಿ ನಿಂತು ಕುಡಿದು ಹೋಗುವ ಕಾಫಿಗೆ ಈ ತೊಂದರೆಯಿಲ್ಲ. ಕಂಪನಿಯ ಸದ್ದಿಲ್ಲದ ಆದಾಯ ಇನ್ನೊಂದು ಕಡೆಯಿಂದ ಬರುತ್ತಿತ್ತು. ಕಚೇರಿಗಳ ಮೂಲೆಯಲ್ಲಿ ನಿಂತ ಸಾವಿರಾರು ಕಾಫಿ ಯಂತ್ರಗಳಿಗೆ ಬಾಡಿಗೆ ಕುರ್ಚಿಯೂ ಬೇಡ, ಎರಡು ತಾಸಿನ ಹರಟೆಯೂ ಇಲ್ಲ.

ಷೇರಿಗೆ ಅರ್ಜಿ ಹಾಕಿದವರಲ್ಲಿ ನಾನು ಮಾತಾಡಿಸಿದ ಬಹಳ ಜನ ಕೊಂಡದ್ದು ಈ ಕೆಫೆಯನ್ನು. ಅಂದರೆ, ಕೆಫೆಯನ್ನು ಕೊಳ್ಳುತ್ತಿದ್ದೇವೆ ಎಂದುಕೊಂಡರು. ಆಗ ದೇಶದಲ್ಲಿ ಸುಮಾರು 1,500 ಕೆಫೆಗಳಿದ್ದವು. ಯಾವ ಊರಿಗೆ ಹೋದರೂ ಕೆಂಪು ಫಲಕ ಕಾಣುತ್ತಿತ್ತು. ಆದರೆ ಮಾರಾಟಕ್ಕೆ ಬಂದ ಕಂಪನಿಯ ಹೊಟ್ಟೆಯೊಳಗೆ ಕೆಫೆ ಒಂದು ಭಾಗ ಮಾತ್ರ. ಬೆಂಗಳೂರಿನ ಗ್ಲೋಬಲ್ ವಿಲೇಜ್ ಎಂಬ ತಂತ್ರಜ್ಞಾನ ಪಾರ್ಕು, ಸರಕು ಸಾಗಣೆಯ ಸಿಕಾಲ್, ಷೇರು ದಲ್ಲಾಳಿಯ ವೇ2ವೆಲ್ತ್, ಸೆರಾಯ್ ರೆಸಾರ್ಟುಗಳು, ಮೈಂಡ್‌ಟ್ರೀ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ ಒಂದು ದೊಡ್ಡ ಪಾಲು, ಇವೆಲ್ಲ ಅದರೊಳಗೇ ಇದ್ದವು. ಪ್ರಾಸ್ಪೆಕ್ಟಸ್‌ನಲ್ಲಿ ಇದ್ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ನೂರಾರು ಪುಟಗಳ ಆ ಪುಸ್ತಕದಲ್ಲಿ ಪ್ರತಿಯೊಂದಕ್ಕೂ ಒಂದೊಂದು ಅಧ್ಯಾಯವಿತ್ತು. ಯಾರೂ ಓದಲಿಲ್ಲ ಅಷ್ಟೆ. ನಾಲಿಗೆಯ ಮೇಲೆ ಕಾಫಿಯ ರುಚಿ ಇದ್ದಾಗ ಸರಕು ಸಾಗಣೆಯ ಅಧ್ಯಾಯ ಯಾರಿಗೆ ಬೇಕು?

ಒಟ್ಟು 1,150 ಕೋಟಿ ರೂಪಾಯಿ ಎತ್ತುವ ಉದ್ದೇಶ. ಆ ಹಣ ಎಲ್ಲಿಗೆ ಹೋಗುತ್ತದೆ ಎಂಬ ಪುಟವನ್ನು ನಾನು ಎರಡು ಮೂರು ಸಲ ಓದಿದೆ. ಅರ್ಧಕ್ಕಿಂತ ಹೆಚ್ಚು, 630 ಕೋಟಿಯ ಮೇಲೆ, ಇದ್ದ ಸಾಲ ತೀರಿಸುವುದಕ್ಕೆ. ಹೊಸ ಕೆಫೆ, ಹೊಸ ಯಂತ್ರಗಳಿಗೆ ಉಳಿದದ್ದರಲ್ಲಿ ಒಂದು ಪಾಲು. 2014-15ರಲ್ಲಿ ಇಡೀ ಗುಂಪು ನಷ್ಟ ತೋರಿಸಿತ್ತು. ಕೆಫೆ ತುಂಬಿರುವಾಗ ಕಂಪನಿ ಹೇಗೆ ನಷ್ಟದಲ್ಲಿರುತ್ತದೆ ಎಂದು ಒಬ್ಬರು ನನ್ನನ್ನು ಕೇಳಿದರು. ಲೋಟದಿಂದ ಬಂದ ಹಣವನ್ನು ಬಡ್ಡಿ ಕುಡಿಯುತ್ತಿತ್ತು ಎಂಬುದು ಅದೇ ಪುಸ್ತಕದ ಲೆಕ್ಕದ ಪುಟಗಳಲ್ಲಿತ್ತು.

ಸಾಲ ತೀರಿಸಲು ಷೇರು ಮಾರುತ್ತಾರೆಂಬ ಸಾಲು ಬೆಂಗಳೂರಿನ ಹೂಡಿಕೆದಾರನನ್ನು ಸ್ವಲ್ಪ ತಡೆದಿರಬಹುದು. ಮಲೆನಾಡಿನವರನ್ನು ತಡೆಯಲಿಲ್ಲ. ಇದಕ್ಕೆ ಇಲ್ಲಿನ ಋತುಚಕ್ರವೇ ಕಾರಣ ಎಂದು ನನಗೆ ಅನ್ನಿಸುತ್ತದೆ. ಕಾಫಿ ವರ್ಷಕ್ಕೊಂದೇ ಬೆಳೆ. ಮಳೆಗಾಲದಲ್ಲಿ ಕೈಯಲ್ಲಿ ಕಾಸಿರುವುದಿಲ್ಲ, ಗೊಬ್ಬರಕ್ಕೆ, ಮರಗಸಿಗೆ, ಆಳಿನ ಬಟವಾಡೆಗೆ ಸಾಲ ಎತ್ತಬೇಕು. ನವೆಂಬರಿನಿಂದ ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ, ಚೀಲ ಸಾಗಿಸಿದ ಮೇಲೆ ತೀರಿಸಬೇಕು. ಸಾಲ ಇಲ್ಲಿ ಜೂನಿನಲ್ಲಿ ಏರಿ ಮಾರ್ಚಿಗೆ ಇಳಿಯುವ ಸಂಗತಿ, ಹಳ್ಳದ ನೀರಿನ ಹಾಗೆ. ಹಾಗಾಗಿ ಪ್ಲಾಂಟರೊಬ್ಬರ ಕಂಪನಿಗೆ ಸಾಲವಿದೆ ಎಂದರೆ ಯಾರಿಗೂ ಅಚ್ಚರಿಯಾಗಲಿಲ್ಲ. ಆದರೆ ತೋಟದ ಸಾಲಕ್ಕೆ ಎದುರಾಗಿ ಗಿಡದ ಮೇಲೆ ಹಣ್ಣಿರುತ್ತದೆ. ಎಷ್ಟು ಚೀಲ ಬರಬಹುದೆಂದು ನೋಡಿದವರೇ ಅಂದಾಜು ಮಾಡಬಲ್ಲರು. ಒಂದು ಕಂಪನಿಯ ಸಾಲಕ್ಕೆ ಇನ್ನೊಂದು ಕಂಪನಿಯ ಷೇರು ಅಡವು, ಅದಕ್ಕೆ ಮತ್ತೊಂದರ ಜಾಮೀನು ಎಂಬ ಸಾಲವನ್ನು ಕಣ್ಣಂದಾಜಿನಲ್ಲಿ ಅಳೆಯಲಾಗುವುದಿಲ್ಲ. ಆ ಸಾಲಕ್ಕೆ ಸುಗ್ಗಿಯೆಂಬುದೂ ಇಲ್ಲ.

ಆಮೇಲಿನ ವರ್ಷಗಳಲ್ಲಿ ಅನೇಕರು ಆ ಸಾಲವನ್ನು ಬೋರರ್‌ಗೆ ಹೋಲಿಸಿ ಮಾತಾಡಿದ್ದು ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಬೋರರ್ ಹೊರಗಿನಿಂದ ಹಾರಿ ಬರುತ್ತದೆ, ಗಿಡ ಅದನ್ನು ಕರೆದಿರುವುದಿಲ್ಲ. ಸಾಲ ಕರೆದು ತಂದದ್ದು. ಅದರಿಂದಲೇ ಕೆಫೆಗಳೂ ಎದ್ದವು, ಸಾವಿರಾರು ಹುಡುಗರಿಗೆ ಕೆಲಸವೂ ಸಿಕ್ಕಿತು. ಬೋರರ್ ತನ್ನ ದಾರಿಯನ್ನು ಮುಚ್ಚಿಕೊಂಡು ಹೋಗುತ್ತದೆ. ಕಂಪನಿಯ ಸಾಲದ ದಾರಿಯಾದರೋ, ಎಲ್ಲವೂ ಅಲ್ಲದಿದ್ದರೂ ಬಹುಪಾಲು, ಮುದ್ರಿತ ಕಾಗದದಲ್ಲೇ ಇತ್ತು.

ಷೇರಿನ ಬೆಲೆಯ ಪಟ್ಟಿ 316ರಿಂದ 328 ರೂಪಾಯಿ. ಒಂದು ಲಾಟಿಗೆ 45 ಷೇರು, ಮೇಲಿನ ಬೆಲೆಗೆ ಲೆಕ್ಕ ಹಾಕಿದರೆ 14,760 ರೂಪಾಯಿ. ಮೂರು ದಿನದಲ್ಲಿ ಬಂದ ಒಟ್ಟು ಬೇಡಿಕೆ, ಮಾರಾಟಕ್ಕಿಟ್ಟ ಷೇರಿನ ಎರಡು ಪಟ್ಟಿಗೂ ಕಡಿಮೆ. ಜನಪ್ರಿಯ ಹೆಸರಿಗೆ ಇದು ದೊಡ್ಡ ನೂಕುನುಗ್ಗಲೇನೂ ಅಲ್ಲ. ಆಗಿನ ನಿಯಮದಲ್ಲಿ ಅರ್ಜಿ ಮುಗಿದು ಷೇರು ಪೇಟೆಗೆ ಬರಲು ಹನ್ನೆರಡು ಕೆಲಸದ ದಿನ ಹಿಡಿಯುತ್ತಿತ್ತು. ಈಗ ಮೂರೇ ದಿನ. ನಡುವೆ ದಸರೆ ಬಂತು. ವಿಜಯದಶಮಿ ದಿನ ಬನ್ನಿ ಕೊಡಲು ಬಂದವರೂ ಅಲಾಟ್‌ಮೆಂಟ್ ಆಯಿತಾ ಎಂದೇ ಕೇಳಿದರು. ನವೆಂಬರ್ 2ರ ಸೋಮವಾರ ಷೇರು ಪೇಟೆಗೆ ಬಂತು. ಮುಂಬೈ ಷೇರುಪೇಟೆಯಲ್ಲಿ 313 ರೂಪಾಯಿಗೆ, ರಾಷ್ಟ್ರೀಯ ಷೇರುಪೇಟೆಯಲ್ಲಿ 317ಕ್ಕೆ ಶುರು. ಸಂಜೆ ಮುಚ್ಚುವಾಗ 270ರ ಹತ್ತಿರ. ಕೊಟ್ಟ ಬೆಲೆಗಿಂತ ನೂರಕ್ಕೆ ಹದಿನೇಳು ಹದಿನೆಂಟು ಪಾಲು ಒಂದೇ ದಿನದಲ್ಲಿ ಕೆಳಗೆ. ಅಂದು ಸಂಜೆಯ ನನ್ನ ಟಿಪ್ಪಣಿಯಲ್ಲಿ ಬೇರೆ ಏನೂ ಇಲ್ಲ; ತೋಟದಲ್ಲಿ ಮೊದಲ ಅರೇಬಿಕಾ ಹಣ್ಣು ಕೆಂಪಾಗಿದ್ದು, ಪುನುಗು ಬೆಕ್ಕು ತಿಂದು ಬಿಟ್ಟ ಬೀಜದ ಹಿಕ್ಕೆ ಕಲ್ಲಿನ ಮೇಲೆ ಸಿಕ್ಕಿದ್ದು, ಅಷ್ಟೆ.

ಫೆಬ್ರುವರಿ ಕಳೆದು ಮಾರ್ಚ್ ಬಂದರೆ ಇಲ್ಲಿ ಎಲ್ಲರೂ ಆಕಾಶ ನೋಡುತ್ತಾರೆ. ಕಾಫಿಯ ಮೊಗ್ಗು ವಿಚಿತ್ರ ಜೀವ. ಚಳಿಗಾಲದ ಒಣಹವೆಯಲ್ಲಿ ಗೆಣ್ಣಿನಲ್ಲಿ ಮೂಡಿ, ಹಸಿರು ಕಡ್ಡಿಯಂತೆ ನಿಂತುಬಿಡುತ್ತದೆ. ಬೆಳೆಯುವುದೂ ಇಲ್ಲ, ಬೀಳುವುದೂ ಇಲ್ಲ. ಬರಗಾಲದ ಬಾಯಾರಿಕೆ ಸಾಕಷ್ಟು ಆಗಿ, ಅದರ ಮೇಲೆ ಒಂದು ಒಂದೂವರೆ ಇಂಚು ಮಳೆ ಒಟ್ಟಿಗೆ ಬಿದ್ದರೆ ಮಾತ್ರ ಏಳುತ್ತದೆ. ರೊಬಸ್ಟಾ ಏಳೆಂಟು ದಿನಕ್ಕೆ, ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ ಅರಳುತ್ತದೆ. ಮಳೆ ಅರ್ಧ ಇಂಚಿಗೇ ನಿಂತರೆ ಮೊಗ್ಗು ಎದ್ದೂ ಏಳದೆ ಗುಲಾಬಿ ಬಣ್ಣಕ್ಕೆ ತಿರುಗಿ ಹಾಳಾಗುತ್ತದೆ. ಹೂಮಳೆ ಬಂದ ಹದಿನೈದು ಇಪ್ಪತ್ತು ದಿನಕ್ಕೆ ಇನ್ನೊಂದು ಮಳೆ ಬೇಕು, ಕಾಯಿ ನಿಲ್ಲುವುದಕ್ಕೆ. ಅರೇಬಿಕಾ ತನ್ನ ಹೂವಿನಲ್ಲೇ ತಾನು ಕಾಯಿ ಕಚ್ಚಬಲ್ಲದು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಹೆಜ್ಜೇನು, ತುಡುವೆ ಜೇನು ಬಂದಷ್ಟೂ ಒಳ್ಳೆಯದು. ಹೂ ನಿಲ್ಲುವುದು ಎರಡು ಮೂರು ದಿನ. ಆ ದಿನಗಳಲ್ಲಿ ಮತ್ತಿ ಮರದ ಎತ್ತರದಲ್ಲಿ ಕಟ್ಟಿದ ಹೆಜ್ಜೇನಿನ ಹುಟ್ಟಿನಿಂದ ಬೆಳಕು ಹರಿಯುವ ಮೊದಲೇ ಸದ್ದು ಶುರುವಾಗುತ್ತದೆ. ಆ ಹೂವು ಹಣ್ಣಾಗಿ ಕೈಗೆ ಬರಲು ಅರೇಬಿಕಾಕ್ಕೆ ಎಂಟೊಂಬತ್ತು ತಿಂಗಳು, ರೊಬಸ್ಟಾಕ್ಕೆ ಹತ್ತು ಹನ್ನೊಂದು. ಹೊಸ ಗಿಡ ನೆಟ್ಟರೆ ಮೊದಲ ಬೆಳೆಗೆ ಮೂರು ನಾಲ್ಕು ವರ್ಷ.

ಷೇರುಪೇಟೆ ಈ ಬೆಳೆಯನ್ನು ಮೂರು ತಿಂಗಳಿಗೊಮ್ಮೆ ಕೇಳುತ್ತದೆ. ಪ್ರತಿ ತ್ರೈಮಾಸಿಕದ ಕೊನೆಗೆ ಫಲಿತಾಂಶ ಕೊಡಬೇಕು, ಹಿಂದಿನದಕ್ಕಿಂತ ಮೇಲೆ ತೋರಿಸಬೇಕು. ಇದರಲ್ಲಿ ಅನ್ಯಾಯವೇನಿಲ್ಲ, ಹಣ ಹಾಕಿದವರಿಗೆ ಲೆಕ್ಕ ಕೇಳುವ ಹಕ್ಕಿದೆ. ಆ ಲೆಕ್ಕವನ್ನು ಓದುವವರು ಎಷ್ಟು ಜನ ಎಂಬುದೇ ನನ್ನ ಚಿಂತೆ. ನಾನು ಓದುತ್ತ ಬಂದೆ. 2018ರ ಜನವರಿಯಲ್ಲಿ ಷೇರು 370 ರೂಪಾಯಿ ದಾಟಿದಾಗ ಊರಲ್ಲಿ ಮತ್ತೆ ಸಂಭ್ರಮ. ಕೊಂಡ ಬೆಲೆಯೂ ಬಂತು, ಮೇಲೂ ಬಂತು. ಅದೇ ಕಾಲದ ಇನ್ನೊಂದು ಕಾಗದದ ಮೇಲೆ ಯಾರ ಕಣ್ಣೂ ಇರಲಿಲ್ಲ.

ಆ ಕಾಗದ ಯಾವುದೆಂದು ವಿವರವಾಗಿ ಹೇಳಬೇಕು. ಕಂಪನಿಯ ಪ್ರವರ್ತಕರು ತಮ್ಮ ಷೇರುಗಳನ್ನು ಅಡವಿಟ್ಟು ಸಾಲ ತೆಗೆಯಬಹುದು. ಹಾಗೆ ಎಷ್ಟು ಷೇರು ಅಡವಿನಲ್ಲಿದೆ ಎಂಬುದನ್ನು ಪ್ರತಿ ತ್ರೈಮಾಸಿಕ ಷೇರುಪೇಟೆಗೆ ತಿಳಿಸಲೇಬೇಕು; ಅದು ಯಾರು ಬೇಕಾದರೂ ತೆರೆದು ನೋಡಬಹುದಾದ ಪಟ್ಟಿ. ಒಂದೇ ಒಂದು ಸಂಖ್ಯೆ, ಒಂದು ಕಂಬಸಾಲಿನಲ್ಲಿ. ಒಂದು ಸಲ ನೋಡಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಸಾಲಾಗಿ ಬರೆದಿಟ್ಟುಕೊಂಡರೆ ಅದು ಯಾವ ಕಡೆಗೆ ನಡೆಯುತ್ತಿದೆ ಎಂದು ಕಾಣುತ್ತದೆ. ಅಡವು ಏರುತ್ತಿದೆ ಎಂದರೆ, ಷೇರಿನ ಬೆಲೆ ಇಳಿದ ದಿನ ಸಾಲ ಕೊಟ್ಟವರು ಇನ್ನಷ್ಟು ಷೇರು ಕೇಳುತ್ತಾರೆ, ಕೊಡಲಾಗದಿದ್ದರೆ ಅಡವಿನಲ್ಲಿದ್ದುದನ್ನು ಮಾರುತ್ತಾರೆ, ಮಾರಿದ್ದರಿಂದ ಬೆಲೆ ಇನ್ನೂ ಇಳಿಯುತ್ತದೆ. 2019ರ ಮಧ್ಯದ ಹೊತ್ತಿಗೆ ಕಾಫಿ ಡೇ ಪ್ರವರ್ತಕರ ಷೇರಿನಲ್ಲಿ ಮುಕ್ಕಾಲು ಭಾಗದಷ್ಟು ಅಡವಿನಲ್ಲಿತ್ತು. ಕೆಫೆಗಳು ಆಗ 1,700 ದಾಟಿದ್ದವು. ಕೆಂಪು ಫಲಕ ಎಣಿಸಿದವನಿಗೆ ಕಂಪನಿ ಬೆಳೆಯುತ್ತಿದೆ ಎಂದೇ ತೋರುತ್ತಿತ್ತು.

ಆ ವರ್ಷ ಮಾರ್ಚ್‌ನಲ್ಲಿ ಮೈಂಡ್‌ಟ್ರೀಯಲ್ಲಿದ್ದ ಪಾಲನ್ನು ಎಲ್ ಅಂಡ್ ಟಿ ಕಂಪನಿಗೆ ಷೇರಿಗೆ 980 ರೂಪಾಯಿಯಂತೆ, ಮೂರು ಸಾವಿರ ಕೋಟಿಗೂ ಹೆಚ್ಚಿಗೆ ಮಾರುವ ಒಪ್ಪಂದವಾಯಿತು. ಸಾಲ ತೀರಿತೆಂದು ಜನ ನೆಮ್ಮದಿಪಟ್ಟರು.

ಜುಲೈ 29ರ ಸಂಜೆ ಮಂಗಳೂರಿನ ಹತ್ತಿರ ನೇತ್ರಾವತಿ ಸೇತುವೆಯ ಬಳಿ ಸಿದ್ಧಾರ್ಥ ಕಾಣೆಯಾದರು. 31ರ ಬೆಳಗ್ಗೆ ಹೊಯ್ಗೆ ಬಜಾರಿನ ಕಡೆ ನದಿಯಲ್ಲಿ ಅವರ ದೇಹ ಸಿಕ್ಕಿತು. ಅಂದೇ ಸಂಜೆ ಚೇತನಹಳ್ಳಿಯ ತೋಟದಲ್ಲಿ ಅಂತ್ಯಕ್ರಿಯೆ. ಚಿಕ್ಕಮಗಳೂರಿನಲ್ಲಿ ಅಂಗಡಿಗಳು ಮುಚ್ಚಿದ್ದವು, ಮಳೆಯಲ್ಲೇ ಜನ ದಾರಿಯುದ್ದಕ್ಕೂ ನಿಂತಿದ್ದರು. ಷೇರು 30ರಂದು ಒಂದೇ ಏಟಿಗೆ ನೂರಕ್ಕೆ ಇಪ್ಪತ್ತು ಕುಸಿದು 154 ರೂಪಾಯಿಗೆ ಬಂತು, ಮರುದಿನ ಮತ್ತೆ ಇಪ್ಪತ್ತು. ನಿಯಮದ ಪ್ರಕಾರ ಒಂದು ದಿನಕ್ಕೆ ಅದಕ್ಕಿಂತ ಹೆಚ್ಚು ಇಳಿಯುವಂತಿರಲಿಲ್ಲ. ಮಾರಲು ಬಂದವರಿಗೆ ಕೊಳ್ಳುವವರಿರಲಿಲ್ಲ. ಒಬ್ಬ ಮನುಷ್ಯನ ಸಾವನ್ನು ಸಂಖ್ಯೆಯ ಪಕ್ಕದಲ್ಲಿ ಬರೆಯುವುದು ನನಗೆ ಕಷ್ಟವೇ ಆಯಿತು. ಆದರೆ ಆ ವಾರ ನನ್ನ ಸುತ್ತಲಿನ ಮನೆಗಳಲ್ಲಿ ದುಃಖ ಮತ್ತು ಭಯ ಬೇರೆ ಬೇರೆಯಾಗಿ ಇರಲಿಲ್ಲ. ಅವರ ಕೆಫೆಗಳಲ್ಲಿ ಮಗನಿಗೆ ಕೆಲಸ ಸಿಕ್ಕವರು, ಅವರ ಡಿಪೋಗಳಿಗೆ ಕಾಫಿ ಹಾಕಿದವರು, ಷೇರು ಇಟ್ಟುಕೊಂಡವರು, ಹಲವರು ಇವು ಮೂರೂ ಆಗಿದ್ದರು.

ಆಗಸ್ಟ್ ಎರಡನೇ ವಾರ ಮಳೆ ನಿಲ್ಲಲೇ ಇಲ್ಲ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡವೇ ಜಾರಿತು. ಮನೆಗಳ ಜೊತೆ ತೋಟಗಳೂ, ನೆರಳಿನ ಮರಗಳ ಸಮೇತ, ಹಳ್ಳಕ್ಕೆ ಇಳಿದವು. ಗುಡ್ಡ ಜಾರಿದ ಜಾಗಗಳನ್ನು ಮಳೆ ಬಿಟ್ಟ ಮೇಲೆ ನೋಡಿದ್ದೇನೆ. ಮೇಲೆ ಕೆಂಪು ಮಣ್ಣಿನ ಗೋಡೆ, ಅದರಲ್ಲಿ ಕತ್ತರಿಸಿದಂತೆ ಚಾಚಿಕೊಂಡ ಬೇರುಗಳು, ಕೆಳಗೆ ಬಂಡೆ, ಕೆಸರು, ಬುಡಮೇಲಾದ ಸಿಲ್ವರ್ ಓಕ್. ಕಾಡುಮರ ಉಳಿದಿದ್ದ ಇಳಿಜಾರು ಕೆಲವು ಕಡೆ ನಿಂತಿತ್ತು, ಕೆಲವು ಕಡೆ ಅದೂ ನಿಲ್ಲಲಿಲ್ಲ. ಕಾರಣ ಒಂದೇ ಎಂದು ಹೇಳುವ ಧೈರ್ಯ ನನಗಿಲ್ಲ. ಹೋದ ತೋಟಕ್ಕೆ ಪರಿಹಾರ ಕೇಳಲು ಕಚೇರಿ ಸುತ್ತುತ್ತಿದ್ದವರ ಕೈಚೀಲದಲ್ಲಿ ಪಹಣಿ ಇತ್ತು, ಬ್ಯಾಂಕಿನ ಸಾಲದ ಪುಸ್ತಕವಿತ್ತು. ಭೂಮಿ ಜಾರಿದರೂ ಪಹಣಿಯಲ್ಲಿ ಎಕರೆ ಹಾಗೇ ಇರುತ್ತದೆ.

ನಂತರದ್ದು ಬೇಗ ಹೇಳಿ ಮುಗಿಸಬಹುದು, ನಡೆದದ್ದು ನಿಧಾನವಾಗಿಯೇ ಆದರೂ. ಲೆಕ್ಕಪತ್ರ ಹೊತ್ತಿಗೆ ಸಲ್ಲಿಸದ ಕಾರಣ 2020ರ ಫೆಬ್ರುವರಿಯಿಂದ 2021ರ ಏಪ್ರಿಲ್‌ವರೆಗೆ ಷೇರಿನ ವಹಿವಾಟೇ ನಿಂತಿತ್ತು. ಅಷ್ಟು ದಿನ ಕೊಳ್ಳುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. 2020ರ ಜುಲೈಯಲ್ಲಿ ತನಿಖಾ ವರದಿ ಬಂತು: ಕಂಪನಿಯ ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ, ಪ್ರವರ್ತಕರಿಗೆ ಸೇರಿದ ಮೈಸೂರ್ ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ಇನ್ನೊಂದು ಕಂಪನಿಗೆ ಹೋಗಿ ಬಾಕಿ ನಿಂತಿತ್ತು. ಆ ಕಂಪನಿ ಷೇರುಪೇಟೆಯಲ್ಲಿ ಇರಲಿಲ್ಲ. ಈ ವರ್ಗಾವಣೆಗಾಗಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2023ರ ಜನವರಿಯಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 26 ಕೋಟಿ ದಂಡ ವಿಧಿಸಿತು; ಕಂಪನಿ ಮೇಲ್ಮನವಿ ಹೂಡಿತು. ಮುದ್ರಿತ ಕಾಗದದಲ್ಲಿ ಬಹುಪಾಲು ಇತ್ತು ಎಂದು ಮೇಲೆ ಬರೆದೆನಲ್ಲ, ಉಳಿದ ಪಾಲು ಇದು. ಹೊರಗಿನ ಓದುಗನಿಗೆ ಇದು ಕಾಣುವ ಹಾಗಿರಲಿಲ್ಲ. ಷೇರು ಇಟ್ಟುಕೊಂಡ ಸಣ್ಣ ಜನರನ್ನು ಈ ವಿಷಯದಲ್ಲಿ ದೂರುವುದು ತಪ್ಪು.

2020ರ ಡಿಸೆಂಬರಿನಲ್ಲಿ ಸಿದ್ಧಾರ್ಥರ ಪತ್ನಿ ಮಾಳವಿಕಾ ಹೆಗ್ಡೆ ಕಂಪನಿಯ ಚುಕ್ಕಾಣಿ ಹಿಡಿದರು. ಗ್ಲೋಬಲ್ ವಿಲೇಜ್ ಅನ್ನು ಬ್ಲ್ಯಾಕ್‌ಸ್ಟೋನ್ ಮತ್ತು ಸತ್ವ ಗುಂಪಿಗೆ ಸುಮಾರು 2,700 ಕೋಟಿಗೆ ಅದಕ್ಕೆ ಮುಂಚೆಯೇ ಮಾರಲಾಗಿತ್ತು; ನಷ್ಟದ ಕೆಫೆಗಳನ್ನು ಮುಚ್ಚಿದ್ದೂ ಸೇರಿ, 2019ರ ಮಾರ್ಚಿನಲ್ಲಿ ಏಳು ಸಾವಿರ ಕೋಟಿ ದಾಟಿದ್ದ ಸಾಲ ಎರಡು ವರ್ಷದಲ್ಲಿ ಎರಡು ಸಾವಿರ ಕೋಟಿಯೊಳಗೆ ಬಂತು. ಅಂಥ ಹೊತ್ತಿನಲ್ಲಿ ಆ ಹೊಣೆ ಹೊರಲು ಎಷ್ಟು ಗಟ್ಟಿ ಜೀವ ಬೇಕೆಂದು ಯೋಚಿಸಿದರೆ ಮಾಳವಿಕಾ ಅವರ ಬಗ್ಗೆ ಗೌರವ ಹುಟ್ಟುತ್ತದೆ. ಕೆಫೆಗಳ ಸಂಖ್ಯೆ 500ಕ್ಕಿಂತ ಕೆಳಗೆ ಬಂತು. 2024ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಯ ಬಾಗಿಲಿಗೂ ಹೋಗಿ, 2025ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿಯ ಆದೇಶದಿಂದ ಹೊರಗೆ ಬಂತು.

ಅದೇ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತ್ತು. ಬ್ರೆಜಿಲ್ಲಿನ ಬರ, ವಿಯೆಟ್ನಾಮಿನ ಕೊರತೆ ಎಲ್ಲ ಸೇರಿ ನಮ್ಮ ಗುಡ್ಡದಲ್ಲಿ ಯಾರೂ ಕಂಡರಿಯದ ಬೆಲೆ. ಪಾರ್ಚ್‌ಮೆಂಟ್ ಚೀಲಕ್ಕೆ ರಾತ್ರಿ ಕಾವಲು ಹಾಕಿದ ಕಾಲ ಅದು. ಕಾಫಿ ಡೇ ಷೇರು ಮಾತ್ರ ಮೂರು ಅಂಕಿ ಕಾಣಲಿಲ್ಲ. ಬೀಜದ ಬೆಲೆ ಏರಿದರೆ ಕಾಫಿ ಅಂಗಡಿಗೆ ಖರ್ಚು ಏರುತ್ತದೆ, ಲಾಭವಲ್ಲ. 2015ರಲ್ಲಿ ಇದು ಕಾಫಿಯ ಷೇರು ಎಂದು ಕೊಂಡ ಬೆಳೆಗಾರ, ತನ್ನ ತೋಟಕ್ಕೆ ತಿರುಗುಮುರುಗಾಗಿ ನಡೆಯುವ ವ್ಯಾಪಾರವನ್ನು ಕೊಂಡಿದ್ದ.

ಬೇರೆ ಹೋಟೆಲ್ ಸರಪಳಿಗಳದೂ ಸ್ವಲ್ಪ ಗುರುತು ಹಾಕಿಟ್ಟಿದ್ದೇನೆ. ಡಾಮಿನೋಸ್ ಪಿಜ್ಜಾ ನಡೆಸುವ ಜುಬಿಲಂಟ್ 2010ರ ಫೆಬ್ರುವರಿಯಲ್ಲಿ 145 ರೂಪಾಯಿಗೆ ಬಂತು. ಆಗ ಕೊಂಡ ಒಂದು ಷೇರು ಬೋನಸ್, ವಿಭಜನೆಗಳ ನಂತರ ಹತ್ತಾಗಿದೆ. ಬೆಂಗಳೂರಿನಲ್ಲಿ ಕಚೇರಿಯಿರುವ ಬಾರ್ಬೆಕ್ಯೂ ನೇಷನ್ 2021ರಲ್ಲಿ 500 ರೂಪಾಯಿಗೆ ಬಂದು, ಮೊದಲ ದಿನ ಅದಕ್ಕಿಂತ ಕೆಳಗೇ ಶುರುವಾಯಿತು. ಬರ್ಗರ್ ಕಿಂಗ್ ಇಂಡಿಯಾ 2020ರ ಡಿಸೆಂಬರಿನಲ್ಲಿ 60 ರೂಪಾಯಿಗೆ ಬಂದಾಗ 150 ಪಟ್ಟಿಗೂ ಹೆಚ್ಚು ಬೇಡಿಕೆ. ಮೊದಲ ದಿನವೇ ದುಪ್ಪಟ್ಟು ದಾಟಿತು. ಜುಬಿಲಂಟ್‌ಗೆ, ಬರ್ಗರ್ ಕಿಂಗ್‌ಗೆ ಹೆಸರು ಸ್ವಂತದ್ದಲ್ಲ, ವಿದೇಶಿ ಮಾಲೀಕನಿಗೆ ರಾಯಧನ ಕೊಟ್ಟು ತಂದದ್ದು. ಕಾಫಿ ಡೇಗೆ ಹೆಸರು, ಹುರಿಯುವ ಕಾರ್ಖಾನೆ, ಯಂತ್ರ, ಬೀಜದ ವ್ಯಾಪಾರ, ಎಲ್ಲ ಸ್ವಂತ. ಎಲ್ಲವೂ ಸ್ವಂತದ್ದಾಗಿರುವುದು ಎಷ್ಟು ಭಾರ ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ. ಅರ್ಜಿಯ ನೂಕುನುಗ್ಗಲಿಗೂ ಮುಂದಿನ ವರ್ಷಗಳಿಗೂ ನಾನಂತೂ ಯಾವ ಸಂಬಂಧವನ್ನೂ ಕಂಡಿಲ್ಲ.

ಈಚೆಗೆ ಪಕ್ಕದ ತೋಟದ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. ಬೆಂಗಳೂರಿನಲ್ಲಿ ಕೆಲಸ, ಹಬ್ಬಕ್ಕೆ ಊರಿಗೆ ಬಂದಿದ್ದ. ತಾನು ವಾರಕ್ಕೆರಡು ಸಲ ಊಟ ಮಾಡುವ ಹೋಟೆಲ್ ಸರಪಳಿಯೊಂದು ಷೇರು ತರುತ್ತದಂತೆ, ಅರ್ಜಿ ಹಾಕಲೇ ಎಂದು ಕೇಳಿದ.

"ಊಟ ಹೇಗಿದೆ?" ಎಂದೆ.

"ಊಟ ಏನೋ ಚೆನ್ನಾಗಿದೆ ಅಣ್ಣ. ಕ್ಯೂ ನಿಂತ್ಕೊಂಡೇ ಹೋಗ್ಬೇಕು."

"ಹಂಗಾದ್ರೆ ಊಟದ ವಿಚಾರ ಮುಗೀತು ಮಾರಾಯ. ಈಗ ಆ ಪುಸ್ತಕ ತೆಗಿ. ಬಂದ ದುಡ್ಡು ಎಲ್ಲಿಗೆ ಹೋಗ್ತದೆ ಅನ್ನೋ ಪುಟ ಮೊದ್ಲು ನೋಡು. ಕಂಪನಿಗೆ ಬರೋದೆಷ್ಟು, ಹಳೇ ಮಾಲೀಕ್ರು ತಮ್ಮ ಷೇರು ಮಾರಿ ಮನೆಗೆ ತಗೊಂಡು ಹೋಗೋದೆಷ್ಟು, ಸಾಲಕ್ಕೆಷ್ಟು. ಆಮೇಲೆ ಒಡೆಯರ ಬೇರೆ ಕಂಪನಿಗಳ ಜೊತೆ ವ್ಯವಹಾರ ಅಂತ ಒಂದು ಪಟ್ಟಿ ಇರ್ತದೆ."

ಜಗಲಿಯ ಮೇಲೆ ಕೂತು ಓದತೊಡಗಿದ. ನಾನು ಕಣದಲ್ಲಿ ಕಾಫಿ ತಿರುವಿ ಹಾಕಿ ಬರುವಷ್ಟರಲ್ಲಿ ಪೆನ್ನು ಕೇಳಿ ಇಸಿದುಕೊಂಡು, ಹಳೇ ಬಿಲ್ಲಿನ ಹಿಂದೆ ಕಂಪನಿಗಳ ಹೆಸರು ಬರೆದು ಬಾಣದ ಗುರುತು ಎಳೆಯುತ್ತಿದ್ದ. ಹೋಟೆಲುಗಳ ಕಟ್ಟಡಗಳನ್ನು ಬಾಡಿಗೆಗೆ ಕೊಟ್ಟಿದ್ದ ಕಂಪನಿಯ ಹೆಸರಿನ ಕೆಳಗೆ ಎರಡು ಗೆರೆ ಹಾಕಿದ್ದ.

"ಅಣ್ಣ, ಈ ಕಂಪನಿ ಯಾರ್ದು? ಬಾಡಿಗೆ ಪ್ರತಿ ವರ್ಷ ಏರ್ತಾ ಇದೆ. ಹೋಟ್ಲು ಆದಾಯ ಅಷ್ಟು ಏರಿಲ್ಲ" ಎಂದ.

"ಹುಡುಕು. ಹಿಂದಿನ ಪುಟಗಳಲ್ಲಿ ಇರ್ತದೆ," ಎಂದೆ.